ಜೀನಿನ ಪಟ್ಟಿಕಟ್ಟು: ಪಶ್ಚಿಮದ ರಿಗ್ಗಿಂಗ್ ಪದ್ಧತಿ ಮತ್ತು ಬೀದರ್ ಸೀಮೆಯ ಕುದುರೆ

ಕುದುರೆಯ ಬೆನ್ನ ಮೇಲಿನ ಜೀನನ್ನು ಅದರ ಎದೆಯಡಿಯಿಂದ ಹಾದುಬರುವ ಪಟ್ಟಿಗೆ ಸೇರಿಸುವ ಬಳೆ, ಲೋಹದ ತಗಡು ಮತ್ತು ಚರ್ಮದ ಬಾರುಗಳ ಒಟ್ಟು ಏರ್ಪಾಡಿಗೆ ಪಟ್ಟಿಕಟ್ಟು ಎನ್ನಬಹುದು. ಅಮೆರಿಕದ ದನಗಾಹಿಗಳ ಬಳಕೆಯಿಂದ ಬೆಳೆದುಬಂದ ಪಶ್ಚಿಮ ಮಾದರಿಯ ಜೀನಿನಲ್ಲಿ ಇದನ್ನು ರಿಗ್ಗಿಂಗ್ ಎಂದು ಕರೆಯುತ್ತಾರೆ. ಹಳಗನ್ನಡದಲ್ಲಿ ಪಲ್ಲಣ, ನಡುಗನ್ನಡದಿಂದೀಚೆಗೆ ಹಲ್ಲಣ ಎನಿಸಿಕೊಂಡ ಜೀನು ಕುದುರೆಯ ಮೇಲೆ ನಿಲ್ಲುವುದು ಅದರ ಭಾರದಿಂದಲ್ಲ; ಬೆನ್ನಿನ ಆಕಾರಕ್ಕೆ ಅದು ಹೊಂದಿಕೊಂಡಿರುವುದರಿಂದ ಮತ್ತು ಪಟ್ಟಿಯ ಎಳೆತ ಸರಿಯಾದ ಜಾಗದಲ್ಲಿ, ಸರಿಯಾದ ಕೋನದಲ್ಲಿ ಬೀಳುವುದರಿಂದ. ಎಳೆತದ ಜಾಗ ತಪ್ಪಿದರೆ ಜೀನು ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ, ಹೆಗಲಿನ ಚಲನೆಗೆ ಅಡ್ಡಿಯಾಗುತ್ತದೆ, ಮೊಣಕೈ ಕೀಲಿನ ಹಿಂದಿನ ತೆಳುಚರ್ಮ ಉಜ್ಜಿ ಹುಣ್ಣಾಗುತ್ತದೆ. ಸವಾರನು ಇದನ್ನು ಸರಿಪಡಿಸಲು ಪಟ್ಟಿಯನ್ನು ಇನ್ನಷ್ಟು ಬಿಗಿದರೆ ಕುದುರೆಯ ನೋವು ಹೆಚ್ಚುತ್ತದೆಯೇ ಹೊರತು ಜೀನು ನಿಲ್ಲುವುದಿಲ್ಲ. ಆದುದರಿಂದ ಪಟ್ಟಿಕಟ್ಟಿನ ಆಯ್ಕೆಯು ಅಂದಚೆಂದದ ಅಥವಾ ರೂಢಿಯ ವಿಷಯವಲ್ಲ. ಅದು ಕುದುರೆಯ ಮೈಕಟ್ಟನ್ನೂ ಮಾಡಬೇಕಾದ ಕೆಲಸವನ್ನೂ ನೋಡಿ ತೀರ್ಮಾನಿಸಬೇಕಾದ ವಿಷಯ. ಸಣ್ಣ ಮೈಯ ದಖನಿ ಕುದುರೆಗಳು ಮದುವೆ ಮೆರವಣಿಗೆ, ಜಾತ್ರೆ ಮತ್ತು ಹೇರಿನ ಕೆಲಸಗಳಲ್ಲಿ ಇಂದಿಗೂ ದುಡಿಯುತ್ತಿರುವ ಬೀದರ್, ಭಾಲ್ಕಿ, ಔರಾದ್ ಸೀಮೆಗೆ ಈ ವಿಚಾರ ನೇರವಾಗಿ ಅನ್ವಯಿಸುತ್ತದೆ.

ಬೀದರ್ ಸೀಮೆ ಮತ್ತು ಕುದುರೆ

ಬೀದರ್ ಜಿಲ್ಲೆಗೆ ಕುದುರೆಯ ನಂಟು ಬಹು ಹಳೆಯದು. ಇಂದಿನ ಬಸವಕಲ್ಯಾಣವಾದ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಕುದುರೆ ಸವಾರಿಯ ಆಟಕ್ಕೆಂದೇ ವಾಜಿವಾಹ್ಯಾಲಿ ವಿನೋದ ಎಂಬ ಪ್ರತ್ಯೇಕ ಪ್ರಕರಣವಿದೆ. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹನು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ವರ್ಗಾಯಿಸಿದ ಮೇಲೆ ಈ ನಗರವು ಕುದುರೆ ದಂಡಿನ ನೆಲೆಯಾಗಿ, ಅರಬ್ ಮತ್ತು ಪರ್ಷಿಯಾ ದೇಶಗಳಿಂದ ಕಡಲು ದಾಟಿ ಬರುತ್ತಿದ್ದ ಕುದುರೆಗಳ ದೊಡ್ಡ ಪೇಟೆಯಾಗಿ ಬೆಳೆಯಿತು. 1470ರ ಸುಮಾರಿಗೆ ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ತನ್ನ ಗಂಡುಕುದುರೆಯೊಂದನ್ನು ಹಡಗಿನಲ್ಲಿ ಪಶ್ಚಿಮ ಕರಾವಳಿಯ ಚೌಲ್ ಬಂದರಿಗೆ ತಂದು, ಒಳನಾಡಿಗೆ ನಡೆಸಿಕೊಂಡು ಬಂದು ಕೊನೆಗೆ ಬೀದರಿನಲ್ಲಿ ಮಾರಿದನು. ಬೀದರಿನಿಂದ ತುಸು ದೂರದಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿದ್ದ ದೊಡ್ಡ ಜಾತ್ರೆಯೊಂದಕ್ಕೆ 20,000 ಕುದುರೆಗಳು ಮಾರಾಟಕ್ಕೆ ಬರುತ್ತಿದ್ದುವೆಂದೂ ಕುದುರೆಗಳಿಗೆ ಕಡಲೆಯನ್ನು ತಿನ್ನಿಸುತ್ತಿದ್ದರೆಂದೂ ಅವನು ಬರೆದಿದ್ದಾನೆ.

ಹೀಗೆ ಈ ಸೀಮೆಯಲ್ಲಿ ಎರಡು ಬಗೆಯ ಮೈಕಟ್ಟಿನ ಕುದುರೆಗಳು ಒಟ್ಟಿಗೆ ಬಳಕೆಯಲ್ಲಿದ್ದುವು: ಹೊರಗಿನಿಂದ ಬಂದ, ಎತ್ತರದ ಹೆಗಲುದಿಣ್ಣೆಯುಳ್ಳ (ಕತ್ತು ಬೆನ್ನಿಗೆ ಸೇರುವಲ್ಲಿನ ಉಬ್ಬು) ಕುದುರೆಗಳು ಒಂದು ಕಡೆ, ದಖನ್ನಿನ ಒಣನೆಲದಲ್ಲಿ ಬೆಳೆದ, ಗಿಡ್ಡ ಬೆನ್ನಿನ, ಗಟ್ಟಿಗೊರಸಿನ ತಟ್ಟುಗಳು ಇನ್ನೊಂದು ಕಡೆ. ಭೀಮಾ ನದಿಯ ಬಯಲಿನಲ್ಲಿ ಬೆಳೆದುಬಂದ ಭೀಮ್‌ಥಡಿ ತಳಿಯು ಈ ಎರಡನೆಯ ಬಗೆಗೆ ಸೇರಿದ್ದು. ಕರ್ನಾಲಿನ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಸಂಸ್ಥೆಯು ಇತ್ತೀಚಿನ ವರ್ಷಗಳಲ್ಲಿ ಇದನ್ನು ಪ್ರತ್ಯೇಕ ತಳಿಯಾಗಿ ನೋಂದಾಯಿಸಿದೆ. ಈ ಭಾಗದ ಜನರ ಭಕ್ತಿಯಲ್ಲೂ ಕುದುರೆಗೆ ಸ್ಥಾನವಿದೆ: ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನೂ ಮರಾಠಿ ಸೀಮೆಯ ಖಂಡೋಬನೂ ಕುದುರೆಯೇರಿದ ದೈವವೆಂದೇ ಪೂಜೆಗೊಳ್ಳುತ್ತಾರೆ. ಔರಾದಿನ ಗಡಿಗೆ ತಾಗಿದ ನಾಂದೇಡ್ ಜಿಲ್ಲೆಯ ಮಾಳೇಗಾಂವದಲ್ಲಿ ಮಾರ್ಗಶಿರದ ವೇಳೆಗೆ ನಡೆಯುವ ಖಂಡೋಬನ ಜಾತ್ರೆಯು ಇಂದಿಗೂ ಕುದುರೆ ವ್ಯಾಪಾರಕ್ಕೆ ಹೆಸರಾಗಿದೆ.

ದಖನ್ನಿನ ಹಳೆಯ ಜೀನುಗಳಲ್ಲಿ ಮರದ ಚೌಕಟ್ಟಿನವೂ ಇದ್ದುವು, ಬಟ್ಟೆ ಮತ್ತು ಹತ್ತಿಯನ್ನು ಹೊಲಿದು ಮಾಡಿದ ಮೆತ್ತನೆಯವೂ ಇದ್ದುವು. ಜೀನಿನ ಅಡಿಗೆ ಹಾಸುವ ದಪ್ಪ ಮೆತ್ತೆಗೆ ಖೋಗೀರು ಎಂದೂ ಹೊಟ್ಟೆಪಟ್ಟಿಗೆ ತಂಗ್ ಎಂದೂ ಬಾಲದ ಬುಡಕ್ಕೆ ಹಾಕುವ ಪಟ್ಟಿಗೆ ದುಮಚಿ ಎಂದೂ ಕಾಲಿಡುವ ಬಳೆಗೆ ರಿಕಾಬು ಎಂದೂ ಹೆಸರು; ಇವೆಲ್ಲ ಪರ್ಷಿಯನ್, ಉರ್ದು ಮತ್ತು ಮರಾಠಿಯ ದಾರಿಯಿಂದ ಈ ಭಾಗದ ಮಾತಿಗೆ ಬಂದವು. ಜೀನು ತಯಾರಿಸುವ ಕಸುಬಿನಿಂದಲೇ ಜೀನಗಾರ ಎಂಬ ಹೆಸರು ಹುಟ್ಟಿತು.

ಪಶ್ಚಿಮ ಜೀನಿನ ರಚನೆ

ಪಶ್ಚಿಮ ಮಾದರಿಯ ಜೀನು ಸ್ಪೇನಿನಿಂದ ಮೆಕ್ಸಿಕೊ ದೇಶಕ್ಕೆ ಹೋಗಿ, ಅಲ್ಲಿಯ ದನಗಾಹಿಗಳ ಕೈಯಲ್ಲಿ ರೂಪ ಬದಲಿಸಿಕೊಂಡು, 19ನೆಯ ಶತಮಾನದಲ್ಲಿ ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯಾ ಸೀಮೆಗಳಲ್ಲಿ ಇಂದಿನ ಸ್ವರೂಪವನ್ನು ಪಡೆಯಿತು. ಅದರ ಜೀವಾಳವೆಂದರೆ ಟ್ರೀ ಎನ್ನಿಸಿಕೊಳ್ಳುವ ಒಳಚೌಕಟ್ಟು. ಮರದಿಂದ ಅಥವಾ ಕೃತಕ ವಸ್ತುವಿನಿಂದ ಮಾಡಿದ ಈ ಚೌಕಟ್ಟಿನಲ್ಲಿ ಬೆನ್ನುಮೂಳೆಯ ಎರಡೂ ಬದಿಗೆ ಉದ್ದಕ್ಕೆ ಕೂರುವ ಎರಡು ಹಲಗೆಗಳು, ಅವುಗಳನ್ನು ಮುಂದೆ ಕೂಡಿಸುವ ಮುಂಗಮಾನು ಮತ್ತು ಹಿಂದೆ ಕೂಡಿಸುವ ಹಿಂಗಮಾನು ಇರುತ್ತವೆ. ದನಕ್ಕೆ ಬೀಸಿದ ಹಗ್ಗವನ್ನು ಸುತ್ತಿ ಹಿಡಿಯಲೆಂದು ಮುಂಗಮಾನಿನ ಮೇಲೆ ಕೊಂಬು ಇರುತ್ತದೆ. ಹಲಗೆಗಳ ಅಡಿಯಲ್ಲಿ ಹರಡಿಕೊಳ್ಳುವ ಅಗಲ ಚರ್ಮಕ್ಕೆ ಸ್ಕರ್ಟ್ ಎನ್ನುತ್ತಾರೆ. ಸವಾರನ ಭಾರವು ಉದ್ದವಾದ ಹಲಗೆಗಳ ಮೇಲೆ ಹಂಚಿಹೋಗುವುದು ಈ ಜೀನಿನ ಗುಣ. ಅದರ ಸ್ವಂತ ತೂಕವೂ ಉದ್ದವೂ ಹೆಚ್ಚಾಗಿರುವುದು ಅದರ ಮಿತಿ.

ಜೀನಿನ ಎಡಬದಿಯ ಬಳೆಯಿಂದ ಲ್ಯಾಟಿಗೊ ಎಂಬ ಉದ್ದನೆಯ ಮೆದು ಚರ್ಮದ ಬಾರು ಇಳಿಯುತ್ತದೆ; ಬಲಬದಿಯಲ್ಲಿ ತೂತುಗಳುಳ್ಳ ಗಿಡ್ಡ ಬಾರು ಇರುತ್ತದೆ. ಇವೆರಡರ ನಡುವೆ ಎದೆಯಡಿಯಲ್ಲಿ ಹಾಯುವ ಪಟ್ಟಿಗೆ ಸಿಂಚ್ ಎಂದು ಹೆಸರು. ಲ್ಯಾಟಿಗೊವನ್ನು ಸಿಂಚಿನ ಬಳೆಗೂ ಜೀನಿನ ಬಳೆಗೂ ಸುತ್ತುಹಾಕಿ ಎಳೆಯುವುದರಿಂದ ರಾಟೆಯಲ್ಲಿ ಆಗುವಂತೆ ಕಡಿಮೆ ಶ್ರಮದಲ್ಲಿ ಹೆಚ್ಚು ಬಿಗಿತ ಸಿಗುತ್ತದೆ. ಈ ಅನುಕೂಲವೇ ಅರಿವಿಲ್ಲದ ಕೈಯಲ್ಲಿ ಅತಿಬಿಗಿತಕ್ಕೂ ಕಾರಣವಾಗುತ್ತದೆ.

ಕುದುರೆಯ ಮೈಕಟ್ಟು ಮತ್ತು ಪಟ್ಟಿಯ ನೆಲೆ

ಕುದುರೆಗೆ 18 ಜೊತೆ ಪಕ್ಕೆಲುಬುಗಳಿವೆ. ಅವುಗಳಲ್ಲಿ ಮೊದಲ 8 ಜೊತೆ ನೇರವಾಗಿ ಎದೆಮೂಳೆಗೆ ಸೇರಿಕೊಂಡಿರುತ್ತವೆ. ಮುಂಗಾಲುಗಳಿಗೂ ಮುಂಡಕ್ಕೂ ನಡುವೆ ಕೊರಳೆಲುಬಿನ ಜೋಡಣೆಯಿಲ್ಲ. ಮುಂಡವು ಎರಡು ಹೆಗಲೆಲುಬುಗಳ ನಡುವೆ ಸ್ನಾಯುಗಳ ಆಸರೆಯಲ್ಲಿ ತೂಗುತ್ತದೆ. ಕುದುರೆ ಮುಂಗಾಲನ್ನು ಮುಂದಕ್ಕೆ ಚಾಚಿದಾಗ ಹೆಗಲೆಲುಬಿನ ಮೇಲ್ತುದಿ ಹಿಂದಕ್ಕೆ ತಿರುಗುತ್ತದೆ. ಆದುದರಿಂದ ಜೀನಿನ ಹಲಗೆಗಳ ಮುಂದುದಿ ಹೆಗಲೆಲುಬಿನ ಹಿಂದೆ ಕೂರಬೇಕು. ಹಿಂದುದಿ ಕೊನೆಯ ಪಕ್ಕೆಲುಬು ಬೆನ್ನುಮೂಳೆಗೆ ಸೇರುವ ಮಟ್ಟವನ್ನು ದಾಟಿ ಸೊಂಟದ ಮೇಲೆ ಒತ್ತಬಾರದು. ಈ ಎರಡು ಗಡಿಗಳ ನಡುವಿನ ಜಾಗವೇ ಭಾರ ಹೊರುವ ಜಾಗ.

ಜೀನು ಕೂರುವ ನೆಲೆಯನ್ನು ಬೆನ್ನು ತೀರ್ಮಾನಿಸಿದರೆ ಪಟ್ಟಿ ಕೂರುವ ನೆಲೆಯನ್ನು ಎದೆಗೂಡು ತೀರ್ಮಾನಿಸುತ್ತದೆ. ಮೊಣಕೈ ಕೀಲಿನ ಹಿಂದೆ ಎದೆಗೂಡು ಎಲ್ಲಕ್ಕಿಂತ ಕಿರಿದಾಗಿರುವ ಒಂದು ತಗ್ಗು (ಪಟ್ಟಿತಗ್ಗು) ಇರುತ್ತದೆ. ಕುದುರೆ ನಡೆಯತೊಡಗಿದೊಡನೆ ಪಟ್ಟಿಯು ತಾನಾಗಿ ಜಾರಿ ಈ ತಗ್ಗಿಗೆ ಸೇರುತ್ತದೆ, ಅದನ್ನು ಬೇರೆ ಕಡೆ ಎಷ್ಟು ಬಿಗಿದರೂ ಅಲ್ಲಿ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಈ ತಗ್ಗು ಮೊಣಕೈಯಿಂದ ನಾಲ್ಕು ಬೆರಳಿನಷ್ಟು ಹಿಂದೆ ಇರುತ್ತದೆ; ಆದರೆ ಕೆಲವು ಕುದುರೆಗಳಲ್ಲಿ ಅದು ಮೊಣಕೈಗೆ ತಾಗುವಷ್ಟು ಮುಂದಿರುತ್ತದೆ, ಇನ್ನು ಕೆಲವುಗಳಲ್ಲಿ ಸಾಕಷ್ಟು ಹಿಂದಿರುತ್ತದೆ. ದುಂಡುಹೊಟ್ಟೆಯ ತಟ್ಟುಗಳಲ್ಲಿ ಹೊಟ್ಟೆಯ ಉಬ್ಬು ಪಟ್ಟಿಯನ್ನು ಮುಂದಕ್ಕೆ ತಳ್ಳುವುದರಿಂದ ತಗ್ಗು ಮುಂದಿರುವುದೇ ಹೆಚ್ಚು.

ಇಡೀ ಆಯ್ಕೆಯ ಮೂಲಸೂತ್ರ ಇದರಿಂದಲೇ ಹೊರಡುತ್ತದೆ. ಜೀನು ತನ್ನ ಸರಿಯಾದ ಜಾಗದಲ್ಲಿ ಕೂತಿರುವಾಗ ಅದರ ಬಳೆಯಿಂದ ಇಳಿಬಿಟ್ಟ ಪಟ್ಟಿಯು ನೆಟ್ಟಗೆ ಆ ತಗ್ಗಿನಲ್ಲೇ ಬಂದು ಬೀಳಬೇಕು. ಬಳೆಯು ತಗ್ಗಿಗಿಂತ ಹಿಂದಿದ್ದರೆ ಪಟ್ಟಿ ಓರೆಯಾಗಿ ಮುಂದಕ್ಕೆ ಓಡಿ ಜೀನನ್ನು ಹೆಗಲ ಮೇಲಕ್ಕೆ ಎಳೆಯುತ್ತದೆ. ಬಳೆಯು ತಗ್ಗಿಗಿಂತ ಮುಂದಿದ್ದರೆ ಪಟ್ಟಿ ಹಿಂದಕ್ಕೆ ಎಳೆದು ಜೀನನ್ನು ಸೊಂಟದತ್ತ ಸರಿಸುತ್ತದೆ ಅಥವಾ ಮೊಣಕೈಯ ಹಿಂದಿನ ಚರ್ಮವನ್ನು ಮಡಿಸಿ ಉಜ್ಜುತ್ತದೆ.

ರಿಗ್ಗಿಂಗಿನ ಸ್ಥಾನಗಳು

ಪಶ್ಚಿಮ ಜೀನಿನಲ್ಲಿ ಬಳೆಯ ಸ್ಥಾನವನ್ನು ಹಿಂಗಮಾನಿನಿಂದ ಮುಂಗಮಾನಿನವರೆಗಿನ ದೂರದ ಭಾಗಗಳಲ್ಲಿ ಹೇಳುವುದು ವಾಡಿಕೆ. ಬಳೆಯು ಮುಂಗಮಾನಿನ ನೇರ ಕೆಳಗಿದ್ದರೆ ಅದು ಪೂರ್ಣ ಸ್ಥಾನ. ಎರಡು ಕಮಾನುಗಳ ನಟ್ಟನಡುವೆ ಇದ್ದರೆ ಅದು ನಡುಸ್ಥಾನ, ಅಂದರೆ ಸೆಂಟರ್‌ಫೈರ್. ಇವೆರಡರ ನಡುವೆ ಮುಂದಿನಿಂದ ಹಿಂದಕ್ಕೆ ಕ್ರಮವಾಗಿ 7/8, 3/4 ಮತ್ತು 5/8 ಸ್ಥಾನಗಳು ಬರುತ್ತವೆ.

ಪೂರ್ಣ ಸ್ಥಾನದ ರಿಗ್ಗಿಂಗ್ ಜೀನಿನ ಮುಂಭಾಗವನ್ನು ಬಲವಾಗಿ ಹಿಡಿದಿಡುತ್ತದೆ. ಕೊಂಬಿಗೆ ಕಟ್ಟಿದ ಹಗ್ಗವನ್ನು ಎತ್ತು ಅಥವಾ ಕರು ಜಗ್ಗುವಾಗ ಜೀನಿನ ಮುಂಭಾಗ ಕದಲದಂತೆ ತಡೆಯುವುದು ಇದರ ಉದ್ದೇಶ. ಆದರೆ ಎಳೆತವೆಲ್ಲ ಮುಂದೆಯೇ ಬೀಳುವುದರಿಂದ ಹಲಗೆಗಳ ಹಿಂದುದಿ ಮೇಲೇಳುತ್ತದೆ; ಅದನ್ನು ತಡೆಯಲು ಹಿಂದೆ ಇನ್ನೊಂದು ಪಟ್ಟಿ ಬೇಕಾಗುತ್ತದೆ. ಇಂಥ ಜೋಡಿಪಟ್ಟಿಯ ಜೀನು ಟೆಕ್ಸಾಸಿನ ಸಂಪ್ರದಾಯವಾಗಿ ಬೆಳೆಯಿತು. ಪಟ್ಟಿತಗ್ಗು ಬಹಳ ಮುಂದಿರುವ ಕುದುರೆಗೂ ಪೂರ್ಣ ಸ್ಥಾನ ಹೊಂದುತ್ತದೆ, ಏಕೆಂದರೆ ಆಗ ಪಟ್ಟಿ ಓರೆಯಾಗದೆ ನೆಟ್ಟಗೆ ಇಳಿಯುತ್ತದೆ.

7/8 ಸ್ಥಾನದಲ್ಲಿ ಬಳೆಯು ಸ್ವಲ್ಪ ಹಿಂದಕ್ಕೆ ಸರಿದಿರುವುದರಿಂದ ಎಳೆತವು ಹಲಗೆಯ ಹೆಚ್ಚಿನ ಭಾಗಕ್ಕೆ ಹಂಚಿಹೋಗುತ್ತದೆ, ಪಟ್ಟಿಯು ಮೊಣಕೈಯಿಂದ ದೂರವಿರುತ್ತದೆ. ದೂರದ ಸವಾರಿಗೂ ಸಾಮಾನ್ಯ ಬಳಕೆಗೂ ಇಂದು ಹೆಚ್ಚಾಗಿ ಕಂಡುಬರುವುದು ಇದೇ. 3/4 ಸ್ಥಾನದಲ್ಲಿ ಒಂದೇ ಪಟ್ಟಿಯಿಂದ ಮುಂದಿನ ಮತ್ತು ಹಿಂದಿನ ಭಾಗಗಳೆರಡೂ ಬಹುಮಟ್ಟಿಗೆ ಸಮನಾಗಿ ಕೂರುತ್ತವೆ. ತಗ್ಗು ಸಾಧಾರಣವಾಗಿ ಹಿಂದಿರುವ ಕುದುರೆಗೆ ಇದು ಒಪ್ಪುತ್ತದೆ. ಕ್ಯಾಲಿಫೋರ್ನಿಯಾದ ಸವಾರರು ಮೆಚ್ಚಿದ ನಡುಸ್ಥಾನದ ರಿಗ್ಗಿಂಗ್‌ನಲ್ಲಿ ಒತ್ತಡವು ಬೆನ್ನಿನ ಮೇಲೆ ಸಮನಾಗಿ ಹರಡುತ್ತದೆ, ಹೆಗಲಿಗೆ ಹೆಚ್ಚಿನ ಬಿಡುವು ಸಿಗುತ್ತದೆ. ಆದರೆ ಪಟ್ಟಿತಗ್ಗು ಮುಂದಿರುವ ಕುದುರೆಗೆ ಇದನ್ನು ಹಾಕಿದರೆ ಪಟ್ಟಿ ಮುಂದಕ್ಕೆ ಜಾರಿ ಸಡಿಲವಾಗುತ್ತದೆ, ಅದರ ಜೊತೆಗೆ ಜೀನೂ ಮುಂದಕ್ಕೆ ಬರುತ್ತದೆ. ಯಾವ ಸ್ಥಾನವೂ ತನ್ನಷ್ಟಕ್ಕೆ ತಾನೇ ಉತ್ತಮವಲ್ಲ; ಕುದುರೆಯ ಎದೆಗೂಡಿನ ಮೇಲೆ ಇಟ್ಟು ನೋಡಿದಾಗಲೇ ಅದರ ಗುಣದೋಷ ತಿಳಿಯುತ್ತದೆ.

ಮುಂದಿನ ಮತ್ತು ಹಿಂದಿನ ಎರಡು ಬಿಂದುಗಳಿಂದ ಇಳಿದ ಬಾರುಗಳು ಕೆಳಗೆ ಒಂದೇ ಬಳೆಯಲ್ಲಿ ಕೂಡುವ ತ್ರಿಕೋನಾಕಾರದ ಏರ್ಪಾಡೂ ಉಂಟು. 1859ರಲ್ಲಿ ಅಮೆರಿಕದ ಸೈನ್ಯವು ಅಂಗೀಕರಿಸಿದ ಹಗುರವಾದ ಮೆಕ್ಲೆಲನ್ ಜೀನಿನಲ್ಲಿ ಇದೇ ತತ್ತ್ವವಿದೆ. ಎರಡು ಬಾರುಗಳ ಉದ್ದವನ್ನು ಬದಲಿಸಿ ಎಳೆತದ ಬಿಂದುವನ್ನು ಮುಂದಕ್ಕೋ ಹಿಂದಕ್ಕೋ ಸರಿಸಲು ಸಾಧ್ಯವಿದ್ದರೆ, ಒಂದೇ ಜೀನನ್ನು ಬೇರೆ ಬೇರೆ ಮೈಕಟ್ಟಿನ ಕುದುರೆಗಳಿಗೆ ಹೊಂದಿಸಿಕೊಳ್ಳಬಹುದು. ಬಾಡಿಗೆಗೆ ಕುದುರೆ ಕೊಡುವವರಿಗೂ ಸವಾರಿ ಶಾಲೆಗಳಿಗೂ ಇದು ಹೆಚ್ಚು ಉಪಯುಕ್ತ.

ಜೋಡಣೆಯ ವಿಧಾನಗಳು

ಬಳೆ ಎಲ್ಲಿದೆ ಎಂಬುದರಷ್ಟೇ ಅದನ್ನು ಹೇಗೆ ಜೋಡಿಸಿದೆ ಎಂಬುದೂ ಮುಖ್ಯ. ಬಳೆಯನ್ನು ದಪ್ಪ ಚರ್ಮದ ಮೂಲಕ ನೇರವಾಗಿ ಒಳಚೌಕಟ್ಟಿಗೇ ಬಿಗಿದಿದ್ದರೆ ಅದು ಅತ್ಯಂತ ಬಲವಾದ ಜೋಡಣೆ. ಹಗ್ಗ ಹಾಕಿ ದನ ಹಿಡಿಯುವ ಜೀನುಗಳಲ್ಲಿ ಇದನ್ನೇ ಬಳಸುತ್ತಾರೆ. ಆದರೆ ಇದರಲ್ಲಿ ಸವಾರನ ತೊಡೆಯ ಕೆಳಗೆ ಚರ್ಮದ ಪದರಗಳು ಹೆಚ್ಚಾಗಿ, ಕಾಲಿಗೂ ಕುದುರೆಯ ಮೈಗೂ ನಡುವಿನ ಅಂತರ ಹೆಚ್ಚುತ್ತದೆ. ಬಳೆಯನ್ನು ಸ್ಕರ್ಟಿನ ಚರ್ಮದೊಳಗೇ ಕೂರಿಸಿದರೆ ಜೀನು ತೆಳುವಾಗಿ, ಹಗುರವಾಗಿ, ಸವಾರನ ಕಾಲು ಕುದುರೆಗೆ ಹತ್ತಿರವಾಗುತ್ತದೆ. ಆದರೆ ಎಳೆತವೆಲ್ಲ ಹೊಲಿಗೆ ಮತ್ತು ಚರ್ಮದ ಮೇಲೆ ಬೀಳುವುದರಿಂದ ವರ್ಷಗಳು ಕಳೆದಂತೆ ಚರ್ಮ ಹಿಗ್ಗಿ ಎರಡು ಬದಿಯ ಬಳೆಗಳ ಎತ್ತರದಲ್ಲಿ ವ್ಯತ್ಯಾಸ ಬರುವ ಸಂಭವವಿದೆ. ಚೌಕಟ್ಟಿಗೆ ಸೇರಿಸಿದ ಚರ್ಮದಲ್ಲಿ ಚಪ್ಪಟೆ ಲೋಹದ ತಗಡನ್ನು ಹೊಲಿದು, ಅದರ ರಂಧ್ರಕ್ಕೆ ಬಾರು ಹಾಕುವ ತಗಡು ಜೋಡಣೆಯು ಇವೆರಡರ ನಡುವಿನ ದಾರಿ.

ಕೊಳ್ಳುವಾಗ ಜೀನನ್ನು ತಿರುವಿಹಾಕಿ ಎಡಬಲದ ಬಳೆಗಳು ಮುಂದುದಿಯಿಂದ ಸಮದೂರದಲ್ಲಿವೆಯೇ, ಒಂದೇ ಎತ್ತರದಲ್ಲಿವೆಯೇ ಎಂದು ಅಳೆದು ನೋಡುವುದು ಅವಶ್ಯಕ. ಒಂದು ಬದಿ ಮೇಲಿದ್ದರೆ ಜೀನು ಯಾವಾಗಲೂ ವಾಲಿಕೊಂಡೇ ಇರುತ್ತದೆ. ಸವಾರನು ಅದನ್ನು ತನ್ನ ರಿಕಾಬಿನ ದೋಷವೆಂದೋ ಕುದುರೆಯ ನಡಿಗೆಯ ದೋಷವೆಂದೋ ಭಾವಿಸುವುದುಂಟು. ಜೀನು ತಯಾರಿಕೆಗೆ 19ನೆಯ ಶತಮಾನದ ಉತ್ತರಾರ್ಧದಿಂದ ಹೆಸರಾದ ಕಾನ್ಪುರದಲ್ಲಿ ಇಂದು ರಫ್ತಿಗೆಂದು ಪಶ್ಚಿಮ ಮಾದರಿಯ ಜೀನುಗಳೂ ತಯಾರಾಗುತ್ತವೆ. ಅಳತೆಯನ್ನು ತಾನೇ ಕಲಿತುಕೊಂಡ ಕೊಳ್ಳುಗನು ಎಲ್ಲಿ ಕೊಂಡರೂ ಮೋಸಹೋಗುವುದಿಲ್ಲ.

ಹಿಂಪಟ್ಟಿ, ಎದೆಪಟ್ಟಿ ಮತ್ತು ದುಮಚಿ

ಜೋಡಿಪಟ್ಟಿಯ ಜೀನಿನಲ್ಲಿ ಹಿಂದಿನ ಪಟ್ಟಿಯು ಹೊಟ್ಟೆಗೆ ತಾಗುವಂತಿರಬೇಕು, ಒತ್ತುವಂತಿರಬಾರದು. ಅದು ಜೋತಾಡುವಷ್ಟು ಸಡಿಲವಾಗಿದ್ದರೆ ನೊಣ ಓಡಿಸಲು ಹೊಟ್ಟೆಯತ್ತ ಎತ್ತಿದ ಹಿಂಗಾಲು ಅದರಲ್ಲಿ ಸಿಕ್ಕಿಕೊಂಡು ಭಾರಿ ಅಪಘಾತವಾಗಬಹುದು. ಹಿಂಪಟ್ಟಿಯು ಹಿಂದಕ್ಕೆ ಜಾರಿ ತೊಡೆಸಂದಿಗೆ ಸೇರದಂತೆ ಅದನ್ನು ಮುಂಪಟ್ಟಿಗೆ ಗಿಡ್ಡ ಬಾರಿನಿಂದ ಕಟ್ಟಿರಬೇಕು. ಜೀನು ಹಾಕುವಾಗ ಮುಂಪಟ್ಟಿಯನ್ನು ಮೊದಲು, ಹಿಂಪಟ್ಟಿಯನ್ನು ಆಮೇಲೆ ಕಟ್ಟಬೇಕು. ತೆಗೆಯುವಾಗ ಹಿಂಪಟ್ಟಿಯನ್ನು ಮೊದಲು ಬಿಚ್ಚಬೇಕು. ಈ ಕ್ರಮ ತಪ್ಪಿದಾಗ ಕುದುರೆ ಬೆದರಿದರೆ ಜೀನು ಹೊಟ್ಟೆಯಡಿಗೆ ತಿರುಗಿ ಹಿಂಗಾಲುಗಳಿಗೆ ಬಡಿಯುತ್ತದೆ.

ಎದೆಪಟ್ಟಿಯು ಏರುದಾರಿಯಲ್ಲಿ ಜೀನು ಹಿಂದಕ್ಕೆ ಸರಿಯದಂತೆ ತಡೆಯುತ್ತದೆ. ದುಮಚಿಯು ಇಳಿದಾರಿಯಲ್ಲಿ ಮುಂದಕ್ಕೆ ಸರಿಯದಂತೆ ತಡೆಯುತ್ತದೆ. ಬೀದರ್ ನಗರವೂ ಅದರ ಅಂಚಿನ ನೌಬಾದವೂ ಕೆಂಪು ಮುರಕಲ್ಲಿನ ಪ್ರಸ್ಥಭೂಮಿಯ ಮೇಲಿವೆ. ಅಲ್ಲಿಂದ ಭಾಲ್ಕಿ ಮತ್ತು ಔರಾದಿನ ಕಡೆಗೆ ಹೊರಟರೆ ನೆಲ ಇಳಿಯುತ್ತ ಮಾಂಜ್ರಾ ನದಿಯ ಕಪ್ಪುಮಣ್ಣಿನ ಬಯಲನ್ನು ಸೇರುತ್ತದೆ. ತಗ್ಗಾದ ಹೆಗಲುದಿಣ್ಣೆ ಮತ್ತು ದುಂಡುಹೊಟ್ಟೆಯುಳ್ಳ ತಟ್ಟು ಇಂಥ ಇಳಿಜಾರಿನಲ್ಲಿ ನಡೆಯುವಾಗ ಜೀನನ್ನು ಮುಂದೆ ಹೋಗದಂತೆ ತಡೆಯುವ ದಿಣ್ಣೆ ಇರುವುದಿಲ್ಲವಾದ್ದರಿಂದ, ದಖನ್ನಿನ ಹಳೆಯ ಸವಾರರು ದುಮಚಿಯನ್ನು ಬಳಸಿದ್ದಕ್ಕೆ ಗಟ್ಟಿಯಾದ ಕಾರಣವಿತ್ತು. ಆದರೆ ದುಮಚಿಯೂ ಎದೆಪಟ್ಟಿಯೂ ಆಸರೆಗಳು ಮಾತ್ರ. ಬಳೆಯ ಸ್ಥಾನ ತಪ್ಪಿದ ಅಥವಾ ಅಗಲ ಹೊಂದದ ಜೀನನ್ನು ಬಾಲದ ಬುಡದಿಂದ ಎಳೆದು ನಿಲ್ಲಿಸಲು ಹೋದರೆ ಆ ಮೆದುಭಾಗ ಉಜ್ಜಿ ಗಾಯವಾಗುತ್ತದೆ.

ಪಟ್ಟಿಯ ವಸ್ತು, ಉದ್ದ ಮತ್ತು ಬಿಗಿತ

ಪಶ್ಚಿಮ ಪದ್ಧತಿಯಲ್ಲಿ ಅಂಗೋರಾ ಮೇಕೆಯ ಕೂದಲಾದ ಮೊಹೇರಿನ ಹುರಿಗಳನ್ನು ಸಾಲಾಗಿ ಹೆಣೆದ ಪಟ್ಟಿಗೆ ಹೆಚ್ಚಿನ ಬೆಲೆಯಿದೆ; ಅದು ಬೆವರನ್ನು ಹೀರಿ ಗಾಳಿಯಾಡಲು ಬಿಡುತ್ತದೆ, ಮೈಯ ಉಬ್ಬುತಗ್ಗಿಗೆ ಒಗ್ಗಿಕೊಳ್ಳುತ್ತದೆ. ರಬ್ಬರಿನಂಥ ನಿಯೊಪ್ರೀನ್ ಪಟ್ಟಿಯನ್ನು ತೊಳೆಯುವುದು ಸುಲಭ, ಅದು ಜಾರುವುದೂ ಕಡಿಮೆ. ಆದರೆ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಬೀದರಿನ ಮೇ ತಿಂಗಳಲ್ಲಿ ಅದು ಬೆವರನ್ನೂ ಕಾವನ್ನೂ ಒಳಗೇ ಹಿಡಿದಿಡುತ್ತದೆ. ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು ಪಟ್ಟಿಗೆ ಮೆತ್ತಿ ಒಣಗಿದರೆ ಅದು ಉಪ್ಪುಕಾಗದದ ಹಾಗೆ ಚರ್ಮವನ್ನು ಕೆರೆಯುತ್ತದೆ. ಆದುದರಿಂದ ಯಾವ ವಸ್ತುವಾದರೂ ಪ್ರತಿ ಸಲ ತೊಳೆದು ಒಣಗಿಸಿದ ಪಟ್ಟಿಯೇ ಒಳ್ಳೆಯ ಪಟ್ಟಿ. ಅಗಲವಾದ ಪಟ್ಟಿಯಲ್ಲಿ ಒತ್ತಡ ಹೆಚ್ಚು ಜಾಗಕ್ಕೆ ಹಂಚಿಹೋದರೂ, ಅಂಚು ಮೊಣಕೈಗೆ ತಾಗುವಷ್ಟು ಅಗಲವಾಗಿರಬಾರದು.

ಪಟ್ಟಿಯ ಉದ್ದವು ಅದರ ಎರಡೂ ಬಳೆಗಳು ಎಡಬಲದಲ್ಲಿ ಒಂದೇ ಎತ್ತರಕ್ಕೆ, ಮೊಣಕೈಯ ಮಟ್ಟಕ್ಕಿಂತ ಮೇಲೆ, ಆದರೆ ಸವಾರನ ಕಾಲಿನ ಕೆಳಗೆ ಉಬ್ಬಾಗದಷ್ಟು ತಗ್ಗಿನಲ್ಲಿ ಬರುವಂತಿರಬೇಕು. ನಡುವಿನ ಕೊಂಡಿ ಎದೆಮೂಳೆಯ ಮಧ್ಯದಲ್ಲೇ ಇರಬೇಕು. ಬಿಗಿಯುವ ಕೆಲಸವನ್ನು ಒಂದೇ ಸಲಕ್ಕೆ ಮುಗಿಸಬಾರದು. ಮೊದಲು ಜೀನು ಕದಲದಷ್ಟು ಮಾತ್ರ ಕಟ್ಟಿ, ಕುದುರೆಯನ್ನು ಕೆಲವು ಹೆಜ್ಜೆ ನಡೆಸಿ, ಮತ್ತೆ ಸ್ವಲ್ಪ ಬಿಗಿದು, ಹತ್ತುವ ಮುನ್ನ ಮೂರನೆಯ ಸಲ ನೋಡುವುದು ಸರಿಯಾದ ಕ್ರಮ. ಪಟ್ಟಿಗೂ ಮೈಗೂ ನಡುವೆ ಎರಡು ಬೆರಳು ಬಿಗಿಯಾಗಿ ಹೋಗುವಂತಿದ್ದರೆ ಸಾಕು. ಪಟ್ಟಿಯನ್ನು ಅತಿಯಾಗಿ ಬಿಗಿದಾಗ ಜೂಜಿನ ಕುದುರೆಗಳು ಬೇಗನೆ ದಣಿಯುತ್ತವೆ ಎಂಬುದನ್ನು ಆಸ್ಟ್ರೇಲಿಯದಲ್ಲಿ ಓಡುಯಂತ್ರದ ಮೇಲೆ ನಡೆದ ಪರೀಕ್ಷೆಗಳು ತೋರಿಸಿವೆ. ನೆಲದಿಂದ ಎಡ ರಿಕಾಬಿನ ಮೇಲೆ ಭಾರ ಹಾಕಿ ಹತ್ತುವ ಬದಲು ಕಟ್ಟೆಯ ಮೇಲಿನಿಂದ ಹತ್ತಿದರೆ ಜೀನು ಎಡಕ್ಕೆ ಎಳೆದಾಡುವುದು ತಪ್ಪುತ್ತದೆ, ಅಷ್ಟೇ ಪ್ರಮಾಣದಲ್ಲಿ ಬಿಗಿತದ ಅಗತ್ಯವೂ ಕಡಿಮೆಯಾಗುತ್ತದೆ.

ಸಣ್ಣ ಮೈಯ ಕುದುರೆಗೆ ಪಶ್ಚಿಮ ಜೀನು

ಕರ್ನಾಟಕದ ಸವಾರಿ ಶಾಲೆಗಳಲ್ಲಿಯೂ ಮೈಸೂರಿನ ಅಶ್ವಾರೋಹಿ ಪೊಲೀಸ್ ದಳದಲ್ಲಿಯೂ ಬಳಕೆಯಲ್ಲಿರುವುದು ಹೆಚ್ಚಾಗಿ ಇಂಗ್ಲಿಷ್ ಅಥವಾ ಸೈನಿಕ ಮಾದರಿಯ ಜೀನುಗಳು. ಪಶ್ಚಿಮ ಜೀನನ್ನು ದಖನಿ ತಟ್ಟುವಿನ ಮೇಲೆ ಹಾಕಬಯಸುವವರು ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ತೂಕ. ಕುದುರೆಯು ಸವಾರ ಮತ್ತು ಸಜ್ಜು ಸೇರಿ ತನ್ನ ತೂಕದ ಸುಮಾರು ಐದನೆಯ ಒಂದು ಪಾಲನ್ನು ಹೊರಬಹುದೆಂಬುದು ಸವಾರಿಲೋಕದಲ್ಲಿ ಒಪ್ಪಿತವಾದ ಅಳತೆ. ಅದರಂತೆ 250 ಕಿಲೊ ತೂಕದ ತಟ್ಟುವಿಗೆ 50 ಕಿಲೊ ಮಿತಿಯಾದರೆ, 18 ಕಿಲೊ ತೂಕದ ಭಾರಿ ಜೀನೊಂದೇ ಅದರ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ನುಂಗುತ್ತದೆ. ಎರಡನೆಯದು ಉದ್ದ. ಅಮೆರಿಕದ ದೊಡ್ಡ ಕುದುರೆಗಳ ಅಳತೆಯ ಹಲಗೆಗಳು ಗಿಡ್ಡ ಬೆನ್ನಿನ ಮೇಲೆ ಕೊನೆಯ ಪಕ್ಕೆಲುಬನ್ನು ದಾಟಿ ಸೊಂಟವನ್ನು ಒತ್ತುತ್ತವೆ. ದುಂಡು ಸ್ಕರ್ಟಿನ, ಗಿಡ್ಡ ಹಲಗೆಯ ಜೀನು ಮಾತ್ರ ಹೊಂದುತ್ತದೆ. ಮೂರನೆಯದು ಅಗಲ. ಎತ್ತರ ಕಡಿಮೆಯಾದರೂ ಇಂಥ ಕುದುರೆಗಳ ಬೆನ್ನು ಚಪ್ಪಟೆಯಾಗಿ ಅಗಲವಾಗಿರಬಹುದು. ಕಿರಿದಾದ ಮುಂಗಮಾನು ಹೆಗಲುದಿಣ್ಣೆಯ ಎರಡೂ ಬದಿಯನ್ನು ಚಿಮುಟುತ್ತದೆ. ಈ ಮೂರೂ ಸರಿಯಾದ ಬಳಿಕ, ಪಟ್ಟಿತಗ್ಗು ಮುಂದಿರುವ ತಟ್ಟುವಿಗೆ ಪೂರ್ಣ ಅಥವಾ 7/8 ಸ್ಥಾನವನ್ನೂ ಸ್ಕರ್ಟಿನೊಳಗಿನ ಹಗುರ ಜೋಡಣೆಯನ್ನೂ ಇಳಿಜಾರಿನ ದಾರಿಗೆ ಹದವಾದ ದುಮಚಿಯನ್ನೂ ಆರಿಸುವುದು ಯುಕ್ತ.

ಕೊಂಬಿಗೆ ಹಗ್ಗ ಕಟ್ಟಿ ದನ ಹಿಡಿಯುವ ಕೆಲಸ ಬೀದರ್ ಸೀಮೆಯಲ್ಲಿಲ್ಲ. ಆದುದರಿಂದ ಆ ಕೆಲಸಕ್ಕೆಂದೇ ಹುಟ್ಟಿದ ಭಾರಿ ಜೋಡಿಪಟ್ಟಿಯ ಜೀನಿನ ಅಗತ್ಯವೂ ಇಲ್ಲಿಲ್ಲ. ಆದರೆ ಅದರ ತತ್ತ್ವವು ಎರಡು ಕಡೆ ನೆರವಾಗುತ್ತದೆ. ಒಂದು, ಮದುವೆಯ ಮೆರವಣಿಗೆ. ಸವಾರಿ ಅರಿಯದ ಮದುಮಗನು ಭಾರವಾದ ಉಡುಪಿನಲ್ಲಿ, ಕೆಲವೊಮ್ಮೆ ಮುಂದೆ ಮಗುವೊಂದನ್ನು ಕೂರಿಸಿಕೊಂಡು, ಬಾಜಾಬಜಂತ್ರಿ ಮತ್ತು ಪಟಾಕಿಗಳ ಸದ್ದಿನ ನಡುವೆ ಗಂಟೆಗಟ್ಟಲೆ ಕೂರುತ್ತಾನೆ. ಅವನ ಭಾರ ಒಂದು ಬದಿಗೆ ವಾಲಿದಾಗ ಜೀನು ತಿರುಗದಿರಲೆಂದು ಕುದುರೆಯವರು ಒಂದೇ ತಂಗನ್ನು ಉಸಿರುಕಟ್ಟುವಷ್ಟು ಬಿಗಿಯುವುದುಂಟು. ಅದರ ಬದಲು ಅಗಲ ಹೊಂದುವ ಚೌಕಟ್ಟು, ಜಾರದ ಖೋಗೀರು, ಹದವಾಗಿ ಕಟ್ಟಿದ ಎರಡು ಪಟ್ಟಿಗಳು ಮತ್ತು ಎದೆಪಟ್ಟಿ ಇದ್ದರೆ ಕಡಿಮೆ ಬಿಗಿತದಲ್ಲೇ ಹೆಚ್ಚಿನ ಸ್ಥಿರತೆ ದೊರೆಯುತ್ತದೆ. ಮೆರವಣಿಗೆ ನಿಂತು ಸವಾರ ಇಳಿದಾಗಲೆಲ್ಲ ಪಟ್ಟಿಯನ್ನು ಸಡಿಲಿಸಲೂ ಸಾಧ್ಯವಾಗುತ್ತದೆ.

ಇನ್ನೊಂದು, ಹೇರು. ಉತ್ತರ ಕರ್ನಾಟಕ ಮತ್ತು ಮರಾಠವಾಡೆಯಲ್ಲಿ ಕುರಿಹಿಂಡುಗಳೊಂದಿಗೆ ಊರೂರು ತಿರುಗುವ ಕುರುಬ ಮತ್ತು ಧನಗರ ಕುಟುಂಬಗಳು ಅಡುಗೆಯ ಪಾತ್ರೆ, ಹಾಸಿಗೆ, ಹುಟ್ಟಿದ ಎಳೆಮರಿಗಳನ್ನು ಸಾಗಿಸಲು ಸಣ್ಣ ಕುದುರೆಗಳನ್ನು ಬಳಸುತ್ತವೆ. ಸವಾರನು ಹಾದಿಯ ಏರಿಳಿತಕ್ಕೆ ತಕ್ಕಂತೆ ತನ್ನ ಮೈಯನ್ನು ಹೊಂದಿಸಿಕೊಳ್ಳುತ್ತಾನೆ, ಹೇರು ಹೊಂದಿಸಿಕೊಳ್ಳುವುದಿಲ್ಲ. ಆದುದರಿಂದ ಹೇರುಜೀನಿಗೆ ಮುಂದೆ ಮತ್ತು ಹಿಂದೆ ಎರಡು ಪಟ್ಟಿಗಳೂ ಎದೆಪಟ್ಟಿಯೂ ತೊಡೆಯ ಹಿಂದೆ ಹಾಯುವ ಪಟ್ಟಿಯೂ ಬೇಕು, ಎರಡೂ ಬದಿಯ ತೂಕ ಸಮನಾಗಿರಬೇಕು. 1965ರ ಹೇರು ಮತ್ತು ಎಳೆತದ ಪ್ರಾಣಿಗಳ ಹಿಂಸೆ ತಡೆ ನಿಯಮಗಳು ತಟ್ಟುವಿನ ಮೇಲಿನ ಹೇರಿಗೆ 70 ಕಿಲೊ ಮಿತಿಯನ್ನು ವಿಧಿಸಿವೆ. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ಮೀರುವ ಪ್ರದೇಶಗಳಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಇಂಥ ಪ್ರಾಣಿಗಳನ್ನು ದುಡಿಸುವುದನ್ನು ನಿಷೇಧಿಸಿವೆ.

ಪರೀಕ್ಷೆ ಮತ್ತು ಗಾಯದ ಗುರುತುಗಳು

ಪಟ್ಟಿಕಟ್ಟು ಹೊಂದಿದೆಯೇ ಎಂಬುದನ್ನು ಕುದುರೆಯ ಮೈಯೇ ತಿಳಿಸುತ್ತದೆ. ಸವಾರಿಯ ಬಳಿಕ ಜೀನನ್ನು ತೆಗೆದಾಗ ಬೆವರಿನ ಗುರುತು ಎರಡೂ ಬದಿಗೆ ಸಮನಾಗಿ ಹರಡಿರಬೇಕು. ಸುತ್ತಲೂ ಒದ್ದೆಯಿದ್ದು ನಡುವೆ ಒಂದು ಕಡೆ ಮಾತ್ರ ಒಣಗಿದ್ದರೆ ಅಲ್ಲಿ ಒತ್ತಡ ಮಿತಿಮೀರಿದೆಯೆಂದು ಅನುಮಾನಿಸಬೇಕು. ಜೀನಿನ ಜಾಗದಲ್ಲಿ ಹೊಸದಾಗಿ ಬಿಳಿಗೂದಲು ಹುಟ್ಟಿದ್ದರೆ ಒತ್ತಡದಿಂದ ಕೂದಲಿನ ಬುಡ ಕೆಟ್ಟಿದೆಯೆಂದು ಅರ್ಥ. ಪಟ್ಟಿ ಬಿಗಿಯುವಾಗ ಕುದುರೆ ಕಿವಿ ಹಿಂದಕ್ಕೆ ಮಡಿಸುವುದು, ಕಚ್ಚಲು ಬರುವುದು, ಹೊಟ್ಟೆ ಉಬ್ಬಿಸುವುದು, ಹೆಜ್ಜೆಯನ್ನು ಗಿಡ್ಡವಾಗಿ ಹಾಕುವುದು ಇವೆಲ್ಲ ತಂಟೆಯಲ್ಲ, ನೋವಿನ ಸೂಚನೆಗಳು. ಜಠರದ ಹುಣ್ಣು ಇದ್ದರೂ ಇಂಥ ಲಕ್ಷಣಗಳು ಕಾಣುವುದರಿಂದ ಪಟ್ಟಿಯನ್ನು ಸರಿಪಡಿಸಿದ ಮೇಲೂ ಅವು ಉಳಿದರೆ ಪಶುವೈದ್ಯರಿಗೆ ತೋರಿಸಬೇಕು. 2004ರ ಕಾಯ್ದೆಯ ಮೂಲಕ ಸ್ಥಾಪನೆಗೊಂಡ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರವೇ ಬೀದರಿನ ನಂದಿನಗರದಲ್ಲಿದೆ. ಪಟ್ಟಿಯಿಂದಾದ ಹುಣ್ಣು ಪೂರ್ತಿ ಮಾಯುವವರೆಗೆ ಜೀನು ಹಾಕಬಾರದು. ಹುಣ್ಣಿನ ಮೇಲೆ ಮೆತ್ತೆಯಿಟ್ಟು ಕೆಲಸ ಮುಂದುವರಿಸುವುದು ಗಾಯವನ್ನು ಆಳಗೊಳಿಸುತ್ತದೆ.

ಕುದುರೆಯ ಮೈ ವರ್ಷವಿಡೀ ಒಂದೇ ರೀತಿ ಇರುವುದಿಲ್ಲ. ಮಳೆಗಾಲದ ಹಸಿಮೇವಿನಲ್ಲಿ ಹೊಟ್ಟೆ ದುಂಡಾಗುತ್ತದೆ. ಬೇಸಿಗೆಯಲ್ಲಿ ಜೋಳದ ಒಣಕಣಿಕೆಯ ಮೇಲೆ ನಿಂತಾಗ ಬೆನ್ನು ಇಳಿದು ಹೆಗಲುದಿಣ್ಣೆ ಎದ್ದು ಕಾಣುತ್ತದೆ. ಒಂದು ಕಾಲಕ್ಕೆ ಹೊಂದಿದ ಪಟ್ಟಿ ಇನ್ನೊಂದು ಕಾಲಕ್ಕೆ ಹೊಂದದಿರಬಹುದು. ಆದುದರಿಂದ ಆಯ್ಕೆಯ ಕ್ರಮವನ್ನು ಹೀಗೆ ಸಂಗ್ರಹಿಸಬಹುದು: ಮೊದಲು ಬೆನ್ನಿಗೆ ಹೊಂದುವ ಅಗಲ, ಉದ್ದ ಮತ್ತು ತೂಕದ ಚೌಕಟ್ಟು, ಅನಂತರ ಎದೆಗೂಡಿನ ತಗ್ಗಿಗೆ ನೆಟ್ಟಗೆ ಇಳಿಯುವ ಬಳೆಯ ಸ್ಥಾನ, ಆಮೇಲೆ ಕೆಲಸಕ್ಕೆ ತಕ್ಕ ಜೋಡಣೆ ಮತ್ತು ಪಟ್ಟಿಗಳ ಸಂಖ್ಯೆ, ಕೊನೆಯಲ್ಲಿ, ಸಾಕಾಗುವಷ್ಟೇ ಬಿಗಿತ. ಈ ಕ್ರಮದಲ್ಲಿ ಮೇಲಿನ ಮೂರು ಹಂತಗಳನ್ನು ಸರಿಯಾಗಿ ನಡೆಸಿದವರಿಗೆ ನಾಲ್ಕನೆಯದರಲ್ಲಿ ಬಲಪ್ರಯೋಗದ ಅಗತ್ಯ ಬೀಳುವುದಿಲ್ಲ. ಕುದುರೆಯ ಸುಖ ಮತ್ತು ಸವಾರನ ಭದ್ರತೆ ಎರಡೂ ಒಂದೇ ಏರ್ಪಾಡಿನಿಂದ ಒದಗುತ್ತವೆ.